ಕಾಲ ಮೇಲಿನ ಮಚ್ಚೆ, ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ

ಭಾಗ 1/8

ಹಿಸ್ಟರಿ ಅಂದ್ರೆ ಬರೀ ರಾಜರು, ಕೋಟೆ, ಯುದ್ಧ ಅಷ್ಟೇನಾ ಅಂತ ನಮ್ಮ ಕ್ಲಾಸಲ್ಲೇ ಒಬ್ಳು ಕೇಳಿದ್ಲು. ಅದಕ್ಕೇ ಈ ಸಲ ಒಂದು ಕಾಯಿಲೆಯ ಹಿಸ್ಟರಿ. ಬಿಕಾಂ ಓದೋನಿಗೆ ಇದೆಲ್ಲ ಯಾಕೆ ಅಂತ ಕೇಳ್ಬೇಡಿ, ಕಾರಣ ಭಾಗ 5ರಲ್ಲಿದೆ.

1802. ಲಂಡನ್ನಿನಲ್ಲಿ ಒಂದು ವೈದ್ಯಕೀಯ ಪುಸ್ತಕ ಹೊರಬಂತು. ಬರೆದವರು ವಿಲಿಯಂ ಹೆಬರ್ಡನ್. ಅವರು ಹಿಂದಿನ ವರ್ಷವೇ ತೀರಿಹೋಗಿದ್ದರು, ಅಚ್ಚು ಹಾಕಿಸಿದ್ದು ಮಗ. ಜೀವನಪೂರ್ತಿ ರೋಗಿಗಳ ಪಕ್ಕದಲ್ಲಿ ಕೂತು ನೋಡಿದ್ದನ್ನ ಬರೆದಿಟ್ಟುಕೊಂಡ ಮನುಷ್ಯ. ಆ ಪುಸ್ತಕದಲ್ಲಿ ಐದು ವರ್ಷದ ಒಬ್ಬ ಹುಡುಗ ಬರ್ತಾನೆ. ಕೀಲುಗಳಲ್ಲಿ ನೋವು, ಊತ. ಆಮೇಲೆ ಹೊಟ್ಟೆನೋವು, ವಾಂತಿ, ಮಲದಲ್ಲಿ ರಕ್ತ, ಮೂತ್ರದಲ್ಲೂ ರಕ್ತ. ಕಾಲಿನ ಮೇಲೆಲ್ಲ ರಕ್ತ ಹೆಪ್ಪುಗಟ್ಟಿದ ಹಾಗೆ ಚುಕ್ಕೆಗಳು.

ಹೆಬರ್ಡನ್ ಇದಕ್ಕೆ ಹೊಸ ಹೆಸರೇನೂ ಇಡಲಿಲ್ಲ. ನೋಡಿದ್ದನ್ನ ಬರೆದರು, ಅಷ್ಟೇ. ಆದರೆ ಇವತ್ತಿನ ಮಕ್ಕಳ ಡಾಕ್ಟರ್ ಯಾರಿಗಾದ್ರೂ ಆ ನಾಲ್ಕು ಸಾಲು ಓದಿ ಹೇಳಿ, ಇದು ಇಂಥ ಕಾಯಿಲೆ ಅಂತ ತಕ್ಷಣ ಗುರುತಿಸ್ತಾರೆ. ಚರ್ಮ, ಕೀಲು, ಹೊಟ್ಟೆ, ಮೂತ್ರಪಿಂಡ, ನಾಲ್ಕೂ ಒಂದೇ ಮಗುವಿನಲ್ಲಿ.

ಭಾಗ 2/8

ಹೆಸರು ಬಂದಿದ್ದು ಜರ್ಮನಿಯಿಂದ, ಅದೂ ಕಂತಿನಲ್ಲಿ.

ಯೋಹಾನ್ ಲ್ಯೂಕಸ್ ಶ್ಯೋನ್‌ಲೈನ್ ಅಂತ ಒಬ್ಬ ಪ್ರೊಫೆಸರ್. ತಮ್ಮ ಕೈಯಾರೆ ಬರೆದದ್ದು ಬಹಳ ಕಡಿಮೆ. ಅವರ ಪಾಠಗಳನ್ನ ವಿದ್ಯಾರ್ಥಿಗಳು ನೋಟ್ಸ್ ಮಾಡಿಕೊಂಡು, ಅದೇ ಪುಸ್ತಕವಾಗಿ ಬಂತು. (ಎಕ್ಸಾಮ್ ಹಿಂದಿನ ರಾತ್ರಿ ನಮ್ಮ ಕ್ಲಾಸ್ ಗ್ರೂಪಲ್ಲಿ ಓಡಾಡೋ ನೋಟ್ಸ್‌ಗೂ ಒಂದು ದಿನ ಈ ಭಾಗ್ಯ ಬರಬಹುದು.) 1837ರಲ್ಲಿ ಅವರು ಹೇಳಿದ್ದು ಇಷ್ಟು: ಮೈಮೇಲೆ ನೇರಳೆ ಮಚ್ಚೆ, ಜೊತೆಗೆ ಕೀಲು ನೋವು, ಇವೆರಡೂ ಸೇರಿ ಒಂದೇ ಕಾಯಿಲೆ.

ಅವರ ಶಿಷ್ಯ ಎಡ್ವರ್ಡ್ ಹೆನೊಕ್ ಮುಂದೆ ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯ ಮಕ್ಕಳ ವಿಭಾಗದ ಮುಖ್ಯಸ್ಥರಾದರು. 1874ರಲ್ಲಿ ಅವರು ಈ ಲೆಕ್ಕಕ್ಕೆ ಹೊಟ್ಟೆಯನ್ನೂ ಸೇರಿಸಿದರು, ಅಂದ್ರೆ ಮಕ್ಕಳು ಮುದುರಿಕೊಂಡು ಅಳುವಂಥ ನೋವು ಮತ್ತು ರಕ್ತಭೇದಿ. 1899ರಲ್ಲಿ ಮೂತ್ರಪಿಂಡವೂ ಸೇರಿತು. ಅಲ್ಲಿಗೆ ಹೆಬರ್ಡನ್ ಒಬ್ಬ ಹುಡುಗನಲ್ಲಿ ಕಂಡಿದ್ದು ಪೂರ್ತಿಯಾಗೋಕೆ ಹತ್ತಿರ ಹತ್ತಿರ ನೂರು ವರ್ಷ ಹಿಡೀತು. ಹೆಸರು ಮಾತ್ರ ಗುರುಶಿಷ್ಯರದ್ದೇ ಉಳೀತು: ಹೆನೊಕ್ ಶ್ಯೋನ್‌ಲೈನ್ ಪರ್ಪ್ಯುರಾ. ನನ್ನ ಕೇಳಿದ್ರೆ ಹೆಬರ್ಡನ್‌ಗೆ ಅನ್ಯಾಯ ಆಗಿದೆ.

ಒಳಗೆ ಏನಾಗ್ತಿದೆ ಅನ್ನೋದು ಗೊತ್ತಾಗಿದ್ದು ಇನ್ನೂ ತಡವಾಗಿ. ನಮ್ಮ ಮೈಯಲ್ಲಿ ಐಜಿಎ ಅನ್ನೋ ಪ್ರತಿಕಾಯ ಇದೆ. ಮೂಗು, ಗಂಟಲು, ಕರುಳಿನ ಒಳಪದರದಲ್ಲಿ ಕಾವಲು ಕಾಯೋದು ಅದರ ಕೆಲಸ. ಈ ಕಾಯಿಲೆಯಲ್ಲಿ ಆ ಐಜಿಎ ಗುಂಪುಗಟ್ಟಿ ಸಣ್ಣ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಹೋಗಿ ಕೂರುತ್ತೆ. ಗೋಡೆ ಉರಿಯೂತದಿಂದ ಸೋರೋಕೆ ಶುರುವಾಗುತ್ತೆ. ಚರ್ಮದಲ್ಲಿ ಸೋರಿದ್ರೆ ಮಚ್ಚೆ, ಕರುಳಿನಲ್ಲಿ ಸೋರಿದ್ರೆ ಹೊಟ್ಟೆನೋವು, ಮೂತ್ರಪಿಂಡದಲ್ಲಾದ್ರೆ ಮೂತ್ರದಲ್ಲಿ ರಕ್ತ. ಅದಕ್ಕೇ 2012ರ ಚಾಪೆಲ್ ಹಿಲ್ ಸಮ್ಮೇಳನದಲ್ಲಿ ಕಾಯಿಲೆಯ ಹೆಸರನ್ನ ಐಜಿಎ ವ್ಯಾಸ್ಕುಲೈಟಿಸ್ ಅಂತ ಬದಲಾಯಿಸಿದರು. ವ್ಯಾಸ್ಕುಲೈಟಿಸ್ ಅಂದ್ರೆ ರಕ್ತನಾಳಗಳ ಉರಿಯೂತ.

ಭಾಗ 3/8

ಈಗ ಎರಡನೇ ಕಥೆ. ಜಾಗ ಪರ್ತ್, ಆಸ್ಟ್ರೇಲಿಯಾದ ಪಶ್ಚಿಮ ತುದಿ.

1979ರ ಜೂನ್. ರಾಯಲ್ ಪರ್ತ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ರಾಬಿನ್ ವಾರನ್‌ಗೆ ಅವತ್ತು 42ನೇ ಹುಟ್ಟುಹಬ್ಬ. ಜಠರದ ಒಳಪದರದಿಂದ ತೆಗೆದ ಚೂರನ್ನ ಮೈಕ್ರೋಸ್ಕೋಪಿನಲ್ಲಿ ನೋಡ್ತಾ ಇದ್ದಾಗ ಅಲ್ಲಿ ಬಾಗಿದ ಸಣ್ಣ ಬ್ಯಾಕ್ಟೀರಿಯಾಗಳು ಕಂಡವು. ಆಗಿನ ಪಾಠದ ಪ್ರಕಾರ ಅವು ಅಲ್ಲಿ ಇರಲೇಬಾರದು. ಹೊಟ್ಟೆಯ ಆಸಿಡ್‌ನಲ್ಲಿ ಯಾವ ಜೀವಿಯೂ ಬದುಕಲ್ಲ, ಅಲ್ಸರ್ ಬರೋದು ಟೆನ್ಷನ್ ಮತ್ತು ಖಾರದಿಂದ. ನಮ್ಮ ಮನೆಗಳಲ್ಲಿ ಇವತ್ತಿಗೂ ಅದೇ ಮಾತು.

1981ರಲ್ಲಿ ಬ್ಯಾರಿ ಮಾರ್ಷಲ್ ಅನ್ನೋ ಯುವ ಡಾಕ್ಟರ್ ಇವರ ಜೊತೆ ಸೇರಿದರು. ಆ ಬ್ಯಾಕ್ಟೀರಿಯಾವನ್ನ ಲ್ಯಾಬಿನಲ್ಲಿ ಬೆಳೆಸಬೇಕು, ಅದು ಬೆಳೀತಾನೇ ಇಲ್ಲ. ಒಬ್ಬರಾದ ಮೇಲೊಬ್ಬರು ರೋಗಿಯ ಮಾದರಿ ಹಾಕಿ, ಎರಡು ದಿನ ನೋಡಿ, ಏನೂ ಬಂದಿಲ್ಲ ಅಂತ ತಟ್ಟೆ ಎಸೀತಾ ಇದ್ದರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳನ್ನ ಎಸೆಯೋರು ಯಾರೂ ಇರಲಿಲ್ಲ. ರಜೆ ಮುಗಿಸಿ ಬಂದು ನೋಡಿದ್ರೆ ಬ್ಯಾಕ್ಟೀರಿಯಾ ಬೆಳೆದಿತ್ತು. ಅದು ನಿಧಾನವಾಗಿ ಬೆಳೆಯೋ ಜಾತಿ, ಎರಡು ದಿನ ಸಾಕಾಗ್ತಿರಲಿಲ್ಲ, ಅಷ್ಟೇ ವಿಷಯ.

ಆದರೂ ಯಾರೂ ನಂಬಲಿಲ್ಲ. ಇಲ್ಲಿ ನಮ್ಮ ಕಾಮರ್ಸ್ ಕಣ್ಣಿಗೆ ಒಂದು ವಿಷಯ ಕಾಣುತ್ತೆ. ಆಗ ಆಸಿಡ್ ಕಡಿಮೆ ಮಾಡೋ ಮಾತ್ರೆಗಳು ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾಗ್ತಿದ್ದ ಔಷಧಿಗಳ ಸಾಲಿಗೆ ಬಂದಿದ್ದವು. ಮಾತ್ರೆ ತಗೊಂಡ್ರೆ ಅಲ್ಸರ್ ಮಾಯ್ತಿತ್ತು, ಬಿಟ್ರೆ ಮತ್ತೆ ಬರ್ತಿತ್ತು. ವರ್ಷಗಟ್ಟಲೆ ವಾಪಸ್ ಬರೋ ಗಿರಾಕಿ. ಎರಡು ವಾರದ ಆಂಟಿಬಯಾಟಿಕ್‌ನಲ್ಲಿ ಮುಗಿದುಹೋಗೋ ಕಾಯಿಲೆ ಅಂದ್ರೆ ಆ ಲೆಕ್ಕವೇ ಬೇರೆ. ಇದು ಪಿತೂರಿ ಅಂತ ನಾನು ಹೇಳ್ತಿಲ್ಲ. ಡಾಕ್ಟರುಗಳು ನಂಬದೇ ಇದ್ದಿದ್ದಕ್ಕೆ ಮುಖ್ಯ ಕಾರಣ ಅವರು ಓದಿಕೊಂಡು ಬಂದ ಪಾಠವೇ.

1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನ ತಾವೇ ಕುಡಿದುಬಿಟ್ಟರು! ಮೊದಲು ಎಂಡೋಸ್ಕೋಪಿ ಮಾಡಿಸಿ ತಮ್ಮ ಜಠರ ಚೆನ್ನಾಗಿದೆ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಕುಡಿದಿದ್ದು. ಒಂದು ವಾರದೊಳಗೆ ವಾಂತಿ, ಬಾಯಿ ವಾಸನೆ. ಮತ್ತೆ ಎಂಡೋಸ್ಕೋಪಿ ಮಾಡಿದಾಗ ಜಠರದ ಒಳಪದರ ಊದಿಕೊಂಡು, ಅದರ ತುಂಬಾ ಅದೇ ಬ್ಯಾಕ್ಟೀರಿಯಾ. ಸಾಕು, ಔಷಧಿ ತಗೋ ಅಂತ ಹೆಂಡತಿ ಪಟ್ಟು ಹಿಡಿದ ಮೇಲೆ ಆಂಟಿಬಯಾಟಿಕ್ ತಗೊಂಡರು. 1989ರಲ್ಲಿ ಅದಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಅಂತ ಈಗಿನ ಹೆಸರು ಬಂತು. 2005ರಲ್ಲಿ ಇಬ್ಬರಿಗೂ ನೊಬೆಲ್.

ಭಾಗ 4/8

ನೊಬೆಲ್ ಬರೋ ಮೊದಲೇ ಈ ಬ್ಯಾಕ್ಟೀರಿಯಾಗೆ ಎಂಥ ಹೆಸರು ಬಂದಿತ್ತು ಅಂದ್ರೆ, ಎಲ್ಲ ಕಾಯಿಲೆಯ ಹಿಂದೆಯೂ ಇದೇ ಇರಬಹುದಾ ಅಂತ ಹುಡುಕೋಕೆ ಶುರು ಮಾಡಿದರು. ತಪ್ಪು ಅಂತ ಹೇಳೋಕಾಗಲ್ಲ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿಗೆ ಸೇರಿಸಿತ್ತು. ಇಷ್ಟು ದೊಡ್ಡ ವಿಷಯವನ್ನೇ ನೂರು ವರ್ಷ ಗಮನಿಸಿರಲಿಲ್ಲ ಅಂದ್ರೆ ಇನ್ನೇನೇನು ಬಿಟ್ಟುಹೋಗಿರಬಹುದು?

1995ರಲ್ಲಿ ಅಮೆರಿಕದ ಒಂದು ಚರ್ಮರೋಗ ಪತ್ರಿಕೆಯಲ್ಲಿ ಒಂದು ವರದಿ ಬಂತು. ಹೆನೊಕ್ ಶ್ಯೋನ್‌ಲೈನ್ ಪರ್ಪ್ಯುರಾ ಇದ್ದ ರೋಗಿಯ ಜಠರದಲ್ಲಿ ಪೈಲೋರಿ. ಅಲ್ಲಿಗೆ ಎರಡು ಕಥೆ ಒಂದಾದವು. ಆಮೇಲೆ ಅಂಥದೇ ವರದಿಗಳು ಬೇರೆ ಬೇರೆ ದೇಶಗಳಿಂದ ಬರೋಕೆ ಶುರುವಾದವು. ಪೈಲೋರಿಗೆ ಔಷಧಿ ಕೊಟ್ಟೆವು, ಮಚ್ಚೆಯೂ ಹೋಯಿತು, ಹೊಟ್ಟೆನೋವೂ ಹೋಯಿತು ಅಂತ.

ಯೋಚನೆ ಮಾಡಿದ್ರೆ ಸಂಬಂಧ ಇರಬಹುದು ಅನ್ಸೋದು ಸಹಜ. ಈ ಮಚ್ಚೆ ಕಾಯಿಲೆ ಎಷ್ಟೋ ಸಲ ಒಂದು ಸೋಂಕಿನ ಹಿಂದೆಯೇ ಬರುತ್ತೆ. ಮಗುವಿಗೆ ನೆಗಡಿ, ಗಂಟಲು ನೋವು, ಒಂದೆರಡು ವಾರ ಬಿಟ್ಟು ಕಾಲಿನ ಮೇಲೆ ಮಚ್ಚೆ. ಗಂಟಲಿನ ಸೋಂಕು ಐಜಿಎಯನ್ನ ಕೆಣಕಬಹುದಾದ್ರೆ ಹೊಟ್ಟೆಯ ಸೋಂಕು ಯಾಕೆ ಕೆಣಕಬಾರದು? ಪೈಲೋರಿ ಜಠರದ ಒಳಪದರದಲ್ಲೇ ವರ್ಷಾನುಗಟ್ಟಲೆ ಮನೆ ಮಾಡಿಕೊಂಡಿರೋ ಜೀವಿ, ಐಜಿಎ ಕಾವಲಿರೋದೂ ಅಲ್ಲೇ. ತರ್ಕ ಸರಿಯಾಗಿದೆ. ತರ್ಕ ಸರಿ ಇದ್ದಿದ್ದಕ್ಕೆ ನಿಜ ಆಗಬೇಕು ಅಂತೇನಿಲ್ಲ ಅನ್ನೋದು ಬೇರೆ ಮಾತು, ಅದು ಭಾಗ 6ಕ್ಕೆ.

ಭಾಗ 5/8

ಸ್ವಲ್ಪ ನಿಲ್ಲಿಸಿ ನಮ್ಮ ಮನೆಯ ವಿಷಯ ಹೇಳ್ತೀನಿ, ಚಿಕ್ಕದಾಗಿ. ದೊಡ್ಡಪ್ಪನ ಮಗಳು ನನಗೆ ಅಕ್ಕ, ಅವಳ ಮಗನಿಗೆ ಆರು ವರ್ಷ. ಹೋದ ವರ್ಷ ಮಳೆಗಾಲದಲ್ಲಿ ಅವನ ಎರಡೂ ಕಾಲಿನ ಮೇಲೆ ಕೆಂಪು ಚುಕ್ಕೆ ಎದ್ದವು. ನಮ್ಮ ಕಡೆ ಮಳೆಗಾಲದಲ್ಲಿ ಕೆಂಪು ಚುಕ್ಕೆ ಅಂದ್ರೆ ಎಲ್ಲರ ಬಾಯಲ್ಲಿ ಒಂದೇ ಹೆಸರು, ಡೆಂಗ್ಯೂ. ರಕ್ತ ಪರೀಕ್ಷೆ ಮಾಡಿಸಿದ್ರೆ ಪ್ಲೇಟ್‌ಲೆಟ್ ಸರಿಯಾಗೇ ಇತ್ತು. ಡೆಂಗ್ಯೂನಲ್ಲಿ ಪ್ಲೇಟ್‌ಲೆಟ್ ಇಳಿಯುತ್ತೆ, ಈ ಕಾಯಿಲೆಯಲ್ಲಿ ಇಳಿಯಲ್ಲ. ಇನ್ನೊಂದು ಗುರುತು ಅಂದ್ರೆ ಮಚ್ಚೆ ಹೆಚ್ಚಾಗಿ ಕಾಲು ಮತ್ತು ಕುಂಡಿಯ ಮೇಲೆ ಬರುತ್ತೆ, ಬೆರಳಾಡಿಸಿದ್ರೆ ಉಬ್ಬಿರೋದು ಗೊತ್ತಾಗುತ್ತೆ, ಒತ್ತಿದ್ರೂ ಬಣ್ಣ ಮಾಸಲ್ಲ.

ಡಾಕ್ಟರ್ ಹೆಸರು ಹೇಳಿದ ಮೇಲೆ ಮನೆಯವರೆಲ್ಲ ಮೊಬೈಲ್ ಹಿಡ್ಕೊಂಡು ಕೂತ್ರು. ಹುಡುಗನಿಗೆ ಹೊಟ್ಟೆನೋವೂ ಇತ್ತು. ಯಾರೋ ನೆಂಟರು ಹೊಟ್ಟೆಯ ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸಿ ಅಂದ್ರು, ಮಾಡಿಸಿದರು, ಪಾಸಿಟಿವ್ ಬಂತು. ಅಲ್ಲಿಂದ ಶುರುವಾಯ್ತು ಜಗಳ. ಭಾವ ಹೇಳೋದು ಕಾರಣ ಸಿಕ್ಕಿದೆಯಲ್ಲ, ಔಷಧಿ ಕೊಡೋದಕ್ಕೇನು. ಅಕ್ಕ ಹೇಳೋದು ಆರು ವರ್ಷದ ಮಗುಗೆ ಎರಡೆರಡು ಆಂಟಿಬಯಾಟಿಕ್ ಎರಡು ವಾರ ಹೇಗೆ ಕೊಡೋದು. ಡಾಕ್ಟರ್ ಸ್ವಲ್ಪ ಕಾಯೋಣ ಅಂದ್ರು. ಆ ಕಾಯೋಣ ಅನ್ನೋ ಮಾತು ಇದೆಯಲ್ಲ, ಅದನ್ನ ಕೇಳಿಸಿಕೊಳ್ಳೋದು ಅಪ್ಪ ಅಮ್ಮಂದಿರಿಗೆ ಎಷ್ಟು ಕಷ್ಟ ಅಂತ ಆವಾಗ ನೋಡಿದೆ. ಅವರು ಯಾಕೆ ಹಾಗಂದ್ರು ಅಂತ ತಿಳ್ಕೊಳ್ಳೋಕೆ ಹೋಗಿಯೇ ನಾನು ಇಷ್ಟೆಲ್ಲ ಓದಿದ್ದು.

ಭಾಗ 6/8

ಮೊದಲು ಭಾವನ ಪರವಾಗಿ ಇರೋ ಸಾಕ್ಷಿ.

ಈ ಪ್ರಶ್ನೆಯ ಮೇಲೆ ಅತಿ ಹೆಚ್ಚು ಕೆಲಸ ಆಗಿರೋದು ಚೀನಾದಲ್ಲಿ. ಅಲ್ಲಿ ಪೈಲೋರಿಯೂ ಜಾಸ್ತಿ, ಈ ಕಾಯಿಲೆ ಬಂದು ಆಸ್ಪತ್ರೆ ಸೇರೋ ಮಕ್ಕಳೂ ಜಾಸ್ತಿ. 2012ರಲ್ಲಿ ಚೀನಾದ ವೈದ್ಯರು ಅಲ್ಲಿನ ಹಲವು ಸಣ್ಣ ಅಧ್ಯಯನಗಳನ್ನ ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಕಾಯಿಲೆ ಇದ್ದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಪೈಲೋರಿ ಇತ್ತು, ಇಲ್ಲದ ಮಕ್ಕಳಲ್ಲಿ ಸುಮಾರು ಕಾಲು ಭಾಗಕ್ಕೆ. ಪೈಲೋರಿಗೆ ಔಷಧಿ ಪಡೆದ ಮಕ್ಕಳಲ್ಲಿ ಮಚ್ಚೆ ಮತ್ತೆ ಬರೋದೂ ಕಡಿಮೆಯಾಗಿತ್ತು. ಈ ಕಾಯಿಲೆ ಮೂರರಲ್ಲೊಂದು ಮಗುವಿಗಾದರೂ ಮತ್ತೆ ಮರುಕಳಿಸುತ್ತೆ, ಹಾಗಾಗಿ ಅದು ಸಣ್ಣ ವಿಷಯ ಅಲ್ಲ.

ಈಗ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ತೆಗೀರಿ. ಕೋರಿಲೇಷನ್ ಚಾಪ್ಟರ್. ಎರಡು ವಿಷಯ ಜೊತೆಜೊತೆಗೆ ಇದ್ರೆ ಒಂದು ಇನ್ನೊಂದಕ್ಕೆ ಕಾರಣ ಅಂತ ಬರೀಬೇಡಿ ಅಂತ ಪ್ರತಿ ವರ್ಷ ಹೇಳ್ತಾರಲ್ಲ, ಅದು ಐದು ಮಾರ್ಕಿಗೆ ಮಾತ್ರ ಅಲ್ಲ ಅಂತ ನನಗೆ ಗೊತ್ತಾಗಿದ್ದು ಇಲ್ಲೇ.

ಒಂದು, ಯಾರನ್ನ ಯಾರ ಜೊತೆ ಹೋಲಿಸಿದ್ದೀವಿ ಅನ್ನೋದು. ಪೈಲೋರಿ ವಯಸ್ಸಾದಂತೆ ಹೆಚ್ಚಾಗಿ ಸಿಗುತ್ತೆ, ಇಕ್ಕಟ್ಟಾದ ಮನೆ, ನೀರಿನ ತೊಂದರೆ ಇರೋ ಕಡೆ ಹೆಚ್ಚು ಸಿಗುತ್ತೆ. ಹೋಲಿಕೆಗೆ ತಗೊಂಡ ಮಕ್ಕಳ ವಯಸ್ಸು, ಮನೆ ಪರಿಸ್ಥಿತಿ ಬೇರೆ ಇದ್ರೆ ಅಷ್ಟಕ್ಕೇ ಅಂಕಿ ಬದಲಾಗುತ್ತೆ. ನಮ್ಮ ದೇಶದಲ್ಲಂತೂ ಪೈಲೋರಿ ಚಿಕ್ಕ ವಯಸ್ಸಿನಲ್ಲೇ ಬಹಳ ಮಕ್ಕಳಿಗೆ ಅಂಟಿಕೊಂಡಿರುತ್ತೆ, ಹೆಚ್ಚಿನವರಿಗೆ ಏನೂ ತೊಂದರೆ ಕೊಡಲ್ಲ. ಮಚ್ಚೆ ಬಂದ ಮಗುವಿನ ಹೊಟ್ಟೆಯಲ್ಲಿ ಅದು ಸಿಕ್ತು ಅಂದ್ರೆ, ಮಚ್ಚೆ ಇಲ್ಲದ ಪಕ್ಕದ ಮನೆ ಮಗುವಿನ ಹೊಟ್ಟೆಯಲ್ಲೂ ಸಿಗಬಹುದಿತ್ತು.

ಇನ್ನೊಂದು ಇದಕ್ಕಿಂತ ದೊಡ್ಡದು. ಈ ಕಾಯಿಲೆ ಹೆಚ್ಚಿನ ಮಕ್ಕಳಲ್ಲಿ ಸುಮಾರು ಒಂದು ತಿಂಗಳಲ್ಲಿ ತಾನಾಗೇ ಇಳಿಯುತ್ತೆ. ನೀವು ಏನು ಕೊಟ್ರೂ ಇಳಿಯುತ್ತೆ, ಏನೂ ಕೊಡದಿದ್ರೂ ಇಳಿಯುತ್ತೆ. ಎರಡು ವಾರದ ಆಂಟಿಬಯಾಟಿಕ್ ಮುಗಿಯೋ ಹೊತ್ತಿಗೆ ಮಚ್ಚೆ ಹೋಗಿರುತ್ತೆ, ಹೆಸರು ಔಷಧಿಗೆ. ಜ್ವರ ಇಳಿಯೋ ದಿನ ಅಜ್ಜಿ ಯಾವ ಕಷಾಯ ಕೊಟ್ಟಿರ್ತಾರೋ ಆ ಕಷಾಯಕ್ಕೆ ಮನೆಯಲ್ಲಿ ಹೆಸರು ಬರುತ್ತಲ್ಲ, ಹಾಗೆ. ಮರುಕಳಿಸೋದು ಕಡಿಮೆಯಾಯ್ತು ಅನ್ನೋ ಅಂಕಿಗೆ ಈ ಆಕ್ಷೇಪ ಅಷ್ಟಾಗಿ ತಾಗಲ್ಲ, ಒಪ್ಪಿಕೊಳ್ತೀನಿ. ಆದರೆ ಆ ಅಧ್ಯಯನಗಳು ಸಣ್ಣವು.

ಮಾರ್ಷಲ್ ಮಾಡಿದ್ದನ್ನ ಇಲ್ಲಿ ಮಾಡೋಕಾಗಲ್ಲ ನೋಡಿ. ಅವರು ಕುಡಿದರು, ಹೊಟ್ಟೆ ಊದಿಕೊಳ್ತು, ಸಾಕ್ಷಿ ಸಿಕ್ತು. ಪೈಲೋರಿ ಕುಡಿದು ಯಾರ ಕಾಲಿನ ಮೇಲೂ ಮಚ್ಚೆ ತರಿಸೋಕಾಗಲ್ಲ. ಜಗತ್ತಿನಲ್ಲಿ ಕೋಟಿಗಟ್ಟಲೆ ಜನರ ಹೊಟ್ಟೆಯಲ್ಲಿ ಅದಿದೆ. ಮಚ್ಚೆ ಕಾಯಿಲೆ ಬರೋದು ವರ್ಷಕ್ಕೆ ಒಂದು ಲಕ್ಷ ಮಕ್ಕಳಲ್ಲಿ ಸುಮಾರು 10ರಿಂದ 20 ಮಕ್ಕಳಿಗೆ.

ಭಾಗ 7/8

ಹಾಗಾದ್ರೆ ನಿಜ ತಿಳಿಯೋದು ಹೇಗೆ? ಇದೇ ಕಾಯಿಲೆಯ ಹಿಸ್ಟರಿಯಲ್ಲೇ ಒಂದು ಒಳ್ಳೆ ಉದಾಹರಣೆ ಇದೆ, ಬ್ಯಾಕ್ಟೀರಿಯಾದ್ದಲ್ಲ, ಸ್ಟಿರಾಯ್ಡ್‌ದು.

ಮೂತ್ರಪಿಂಡ ಕೆಡಬಾರದು ಅಂತ ಎಷ್ಟೋ ಕಡೆ ಡಾಕ್ಟರುಗಳು ಮೊದಲೇ ಸ್ಟಿರಾಯ್ಡ್ ಕೊಡ್ತಾ ಇದ್ದರು. ತರ್ಕ ಇಲ್ಲೂ ಸರಿಯಾಗೇ ಇತ್ತು. ಉರಿಯೂತದ ಕಾಯಿಲೆ, ಉರಿಯೂತ ಇಳಿಸೋ ಔಷಧಿ. ಕೊನೆಗೆ ಬ್ರಿಟನ್ನಿನಲ್ಲಿ 352 ಮಕ್ಕಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 14 ದಿನ ಪ್ರೆಡ್ನಿಸೊಲೋನ್, ಇನ್ನೊಂದಕ್ಕೆ ನೋಡೋಕೆ ಹಾಗೇ ಇರೋ, ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ವರ್ಷ ಕಳೆದ ಮೇಲೆ ಮೂತ್ರ ಪರೀಕ್ಷೆ ಮಾಡಿದ್ರೆ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 2013ರಲ್ಲಿ ಅದು ಪ್ರಕಟವಾಯ್ತು. ಈಗ ಸ್ಟಿರಾಯ್ಡ್ ಇಲ್ಲ ಅಂತಲ್ಲ, ಹೊಟ್ಟೆನೋವು ಜೋರಾಗಿದ್ರೆ ಕೊಡ್ತಾರೆ. ಮೂತ್ರಪಿಂಡಕ್ಕೆ ಮುಂಜಾಗ್ರತೆ ಅಂತ ಎಲ್ಲ ಮಕ್ಕಳಿಗೂ ಕೊಡಲ್ಲ.

ಪೈಲೋರಿ ವಿಷಯದಲ್ಲಿ ಆಗಬೇಕಾಗಿರೋದು ಇಂಥದ್ದೇ ಪರೀಕ್ಷೆ. ಅಲ್ಲಿವರೆಗೆ ನನಗನಿಸೋದು ಅಕ್ಕನ ಭಯ ಸರಿಯಾದದ್ದು. ಯಾಕಂದ್ರೆ ಪೈಲೋರಿ ಚಿಕಿತ್ಸೆ ಅಂದ್ರೆ ಒಂದು ಸಿರಪ್ ಅಲ್ಲ. ಆಸಿಡ್ ತಗ್ಗಿಸೋ ಒಂದು ಔಷಧಿ, ಜೊತೆಗೆ ಎರಡು ಆಂಟಿಬಯಾಟಿಕ್, ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಜೊತೆ ಕ್ಲಾರಿಥ್ರೋಮೈಸಿನ್ ಅಥವಾ ಮೆಟ್ರೊನಿಡಜೋಲ್, ಮಗುವಿನ ತೂಕ ನೋಡಿ ಡೋಸ್, 14 ದಿನ. ಬಾಯಿಯೆಲ್ಲ ಕಹಿ, ವಾಕರಿಕೆ, ಭೇದಿ ಆಗಬಹುದು. ಮಧ್ಯದಲ್ಲಿ ನಿಲ್ಲಿಸಿದ್ರೆ ಬ್ಯಾಕ್ಟೀರಿಯಾ ಉಳ್ಕೊಳ್ಳುತ್ತೆ, ಉಳಿದದ್ದು ಆ ಔಷಧಿಗೆ ಬಗ್ಗದ ಜಾತಿಯಾಗಬಹುದು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಆಂಟಿಬಯಾಟಿಕ್ ತುರ್ತಾಗಿ ಬೇಕಾಗಿರೋ ಬ್ಯಾಕ್ಟೀರಿಯಾಗಳ ಪಟ್ಟಿ ಮಾಡಿದಾಗ, ಕ್ಲಾರಿಥ್ರೋಮೈಸಿನ್‌ಗೆ ಬಗ್ಗದ ಪೈಲೋರಿಯ ಹೆಸರು ಅದರಲ್ಲಿತ್ತು.

ಅದೇ 2017ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ ತಜ್ಞರ ಸಂಘಗಳು ಒಟ್ಟಿಗೆ ಒಂದು ಮಾರ್ಗಸೂಚಿ ತಂದವು. ಅದರ ಮುಖ್ಯ ಮಾತು: ಮಕ್ಕಳಲ್ಲಿ ಸುಮ್ಮನೆ ಟೆಸ್ಟ್ ಮಾಡಿ, ಪಾಸಿಟಿವ್ ಬಂತು ಅಂತ ಔಷಧಿ ಕೊಡೋ ಪದ್ಧತಿ ಬೇಡ. ಹೊಟ್ಟೆನೋವಿಗೆ ನಿಜವಾದ ಕಾರಣ ಹುಡುಕಿ. ಎಂಡೋಸ್ಕೋಪಿಯಲ್ಲಿ ಅಲ್ಸರ್ ಕಂಡ್ರೆ ಚಿಕಿತ್ಸೆ ಕೊಡಿ, ಆದಷ್ಟು ಯಾವ ಆಂಟಿಬಯಾಟಿಕ್ ಕೆಲಸ ಮಾಡುತ್ತೆ ಅಂತ ನೋಡಿಕೊಂಡು ಕೊಡಿ.

ಇದನ್ನ ಮಚ್ಚೆ ಬಂದ ಮಗುವಿಗೆ ಅನ್ವಯಿಸಿದ್ರೆ ಚಿತ್ರ ಸ್ವಲ್ಪ ತಿಳಿಯಾಗುತ್ತೆ. ಕಾಲಿನ ಮೇಲೆ ಮಚ್ಚೆ, ಟೆಸ್ಟ್ ಪಾಸಿಟಿವ್, ಮಗು ಆಟ ಆಡಿಕೊಂಡಿದೆ ಅಂದ್ರೆ ಡಾಕ್ಟರ್ ಕಾಯೋಣ ಅನ್ನೋದಕ್ಕೆ ಅರ್ಥ ಇದೆ. ಹೊಟ್ಟೆನೋವು ಬಿಡ್ತಾನೇ ಇಲ್ಲ, ರಕ್ತ ಹೋಗ್ತಿದೆ, ಎಂಡೋಸ್ಕೋಪಿಯಲ್ಲಿ ಅಲ್ಸರ್ ಇದೆ, ಪೈಲೋರಿಯೂ ಇದೆ ಅಂದ್ರೆ ಕೊಡಲೇಬೇಕು, ಅದು ಅಲ್ಸರ್‌ಗಾಗಿ. ಮಚ್ಚೆಯೂ ಮತ್ತೆ ಬರದೇ ಇದ್ರೆ ಬೋನಸ್. ಮಧ್ಯದಲ್ಲಿರೋದು ಕಷ್ಟದ ಕೇಸು: ಮಚ್ಚೆ ಮೂರು ಸಲ, ನಾಲ್ಕು ಸಲ ಮರಳಿ ಬರ್ತಿರೋ ಮಗು, ಬೇರೆ ಕಾರಣ ಸಿಗ್ತಿಲ್ಲ, ಪೈಲೋರಿ ಇದೆ. ಅಲ್ಲಿ ಡಾಕ್ಟರ್ ಔಷಧಿ ಕೊಟ್ಟು ನೋಡೋಣ ಅಂದ್ರೆ ನಾನಂತೂ ಜಗಳ ಆಡಲ್ಲ.

ಭಾಗ 8/8

ಮೊದಲ ಭಾಗಗಳು ಹಾಕಿದ ಮೇಲೆ ಮೆಸೇಜಿನಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರ. ನಾನು ಡಾಕ್ಟರ್ ಅಲ್ಲ, ನಿಮ್ಮ ಮನೆ ಮಗುವಿನ ರಿಪೋರ್ಟ್ ಫೋಟೋ ನನಗೆ ಕಳಿಸಬೇಡಿ ದಯವಿಟ್ಟು.

"ಪಾನಿಪುರಿ ತಿಂದ್ರೆ ಪೈಲೋರಿ ಬರುತ್ತಾ?" ಪೈಲೋರಿ ಹೆಚ್ಚಾಗಿ ಅಂಟೋದು ಚಿಕ್ಕ ವಯಸ್ಸಿನಲ್ಲಿ, ಮನೆಯೊಳಗೇ, ಎಷ್ಟೋ ಸಲ ಅಮ್ಮನಿಂದ ಮಗುವಿಗೆ. ಪಾನಿಪುರಿ ಅಣ್ಣನ ಮೇಲೆ ಎಲ್ಲ ತಪ್ಪು ಹಾಕೋಕಾಗಲ್ಲ.

"ಮಚ್ಚೆ ಅಂಟುತ್ತಾ? ಸ್ಕೂಲಿಗೆ ಕಳಿಸಬಹುದಾ?" ಮಚ್ಚೆ ಅಂಟಲ್ಲ. ಅದು ಮಗುವಿನ ದೇಹ ತನ್ನ ಮೇಲೇ ತಿರುಗಿ ಬಿದ್ದಿರೋದು.

"ಬೇರೆ ಪರ್ಪ್ಯುರಾದಲ್ಲಿ ಪೈಲೋರಿ ಔಷಧಿ ಕೆಲಸ ಮಾಡುತ್ತಂತಲ್ಲ?" ಒಳ್ಳೆ ಪ್ರಶ್ನೆ, ಕೇಳಿದವರು ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದ್ತಿರೋರು. ಪ್ಲೇಟ್‌ಲೆಟ್ ಕಡಿಮೆಯಾಗಿ ಮಚ್ಚೆ ಬರೋ ಇನ್ನೊಂದು ಕಾಯಿಲೆ ಇದೆ, ಐಟಿಪಿ. 1998ರಲ್ಲಿ ಇಟಲಿಯ ವೈದ್ಯರು ಪೈಲೋರಿ ತೆಗೆದ ಮೇಲೆ ದೊಡ್ಡವರಲ್ಲಿ ಪ್ಲೇಟ್‌ಲೆಟ್ ಏರಿದ್ದನ್ನ ವರದಿ ಮಾಡಿದರು. ಅದು ನಿಂತಿದೆ, ದೊಡ್ಡವರಲ್ಲಿ ಈಗ ಅದಕ್ಕಾಗಿ ಟೆಸ್ಟ್ ಮಾಡ್ತಾರೆ. ಮಕ್ಕಳಲ್ಲಿ ಅಷ್ಟು ಬಲವಾದ ಸಾಕ್ಷಿ ಇಲ್ಲ. ಎರಡಕ್ಕೂ ಪರ್ಪ್ಯುರಾ ಅನ್ನೋ ಹೆಸರಿದ್ರೂ ಕಾಯಿಲೆ ಬೇರೆ ಬೇರೆ, ಒಂದರ ಔಷಧಿಯನ್ನ ಇನ್ನೊಂದಕ್ಕೆ ತಂದು ಹಾಕೋಕಾಗಲ್ಲ.

"ಹಾಗಾದ್ರೆ ಅಪ್ಪ ಅಮ್ಮ ಮಾಡಬೇಕಾದ್ದೇನು, ಸುಮ್ನೆ ಕೂರೋದಾ?" ಇಲ್ಲ. ಮಚ್ಚೆ ಹೋದ ಮೇಲೂ ಮೂತ್ರ ಪರೀಕ್ಷೆ ಮತ್ತು ಬಿಪಿ ಕನಿಷ್ಠ ಆರು ತಿಂಗಳು, ಡಾಕ್ಟರ್ ಹೇಳಿದ ದಿನಕ್ಕೆ ತಪ್ಪದೆ ನೋಡಿಸಬೇಕು. ಮೂತ್ರಪಿಂಡದ ತೊಂದರೆ ನೋವಿಲ್ಲದೆ ಬರುತ್ತೆ, ಮಗು ಆಟ ಆಡಿಕೊಂಡೇ ಇರುತ್ತೆ. ಮಚ್ಚೆ ಮಾಯವಾದ ಮೇಲೆ ಜನ ಬಿಟ್ಟುಬಿಡೋದು ಇದನ್ನೇ. ಮೂತ್ರ ಪರೀಕ್ಷೆಗೆ ಸೂಜಿ ಬೇಡ, ಹೆಚ್ಚು ದುಡ್ಡೂ ಬೇಡ. ಹೊಟ್ಟೆನೋವು ತಡೆಯೋಕಾಗದಷ್ಟು ಬಂದ್ರೆ, ಮಲದಲ್ಲಿ ರಕ್ತ ಕಂಡ್ರೆ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕರುಳಿನ ಒಂದು ಭಾಗ ಇನ್ನೊಂದರೊಳಗೆ ಜಾರಿ ಸಿಕ್ಕಿಹಾಕಿಕೊಳ್ಳೋದು ಈ ಕಾಯಿಲೆಯಲ್ಲಿ ಆಗುತ್ತೆ, ಅದು ಕಾಯೋ ವಿಷಯ ಅಲ್ಲ.

"ವಾರನ್, ಮಾರ್ಷಲ್ ಇನ್ನೂ ಇದ್ದಾರಾ?" ವಾರನ್ 2024ರ ಜುಲೈನಲ್ಲಿ ಪರ್ತ್‌ನಲ್ಲೇ ತೀರಿಕೊಂಡರು, 87 ವರ್ಷ ಆಗಿತ್ತು. ಮಾರ್ಷಲ್ ಕುಡಿದಿದ್ದು ಮಾಂಸದ ಸಾರಿನಲ್ಲಿ ಕಲಸಿದ್ದು ಅಂತೆ, ರುಚಿ ಹೇಗಿತ್ತು ಅಂತ ಇಬ್ಬರು ಕೇಳಿದ್ದೀರ. ನನಗೆ ಊಹೆ ಮಾಡೋಕೂ ಇಷ್ಟ ಇಲ್ಲ.

#ಕಾಯಿಲೆಯಹಿಸ್ಟರಿ #ಕನ್ನಡದಲ್ಲಿಓದಿ #ಎಂಟುಭಾಗ